ಟೆರಾಫಾರ್ಮ್ ಕಲಿಕೆಯ ಮೊದಲ ಪುಟ: ತಪ್ಪು ಕಲ್ಪನೆ ಮತ್ತು ಸತ್ಯ

ಥಾಣೆ ಜಿಲ್ಲೆಯ ವಿಠ್ಠಲವಾಡಿ, ಕಲ್ಯಾಣ, ಡೊಂಬಿವಲಿಗಳ ಕನ್ನಡ ಮನೆಗಳಿಂದ ಲೋಕಲ್ ಹಿಡಿದು, ಥಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿ, ರಬಾಳೆಗಳ ಕಚೇರಿಗಳಿಗೂ ಡೇಟಾ ಸೆಂಟರ್‌ಗಳಿಗೂ ಹೋಗುವ ತರುಣ ತರುಣಿಯರ ಪಾಲಿಗೆ ಸರ್ವರ್ ಕಟ್ಟುವುದೆಂದರೆ ಈಗ ಬಹುಮಟ್ಟಿಗೆ ಫೈಲ್ ಬರೆಯುವ ಕೆಲಸ. ಬೇಕಾದ ಸರ್ವರ್, ನೆಟ್‌ವರ್ಕ್, ಸ್ಟೋರೇಜ್‌ಗಳನ್ನು ಫೈಲಿನಲ್ಲಿ ವಿವರಿಸಿದರೆ ಅವುಗಳನ್ನು ಕ್ಲೌಡ್‌ನಲ್ಲಿ ನಿರ್ಮಿಸಿಕೊಡುವ ಟೆರಾಫಾರ್ಮ್ ಎಂಬ ಸಾಧನವನ್ನು ಹ್ಯಾಶಿಕಾರ್ಪ್ ಸಂಸ್ಥೆ 2014ರಲ್ಲಿ ಹೊರತಂದಿತು. 2023ರಲ್ಲಿ ಅದರ ಲೈಸೆನ್ಸ್ ಬದಲಾದಾಗ ಅದೇ ಮೂಲದಿಂದ ಓಪನ್‌ಟೋಫು ಕವಲೊಡೆಯಿತು. ಇಂಥ ಸಾಧನಗಳ ‘ಗೆಟ್ಟಿಂಗ್ ಸ್ಟಾರ್ಟೆಡ್’ ಪುಟದ ವಿಷಯದಲ್ಲಿ, ಅಂದರೆ ಹೊಸಬರ ಮೊದಲ ಪಾಠದ ವಿಷಯದಲ್ಲಿ, ಬರೆಯುವವರಲ್ಲಿಯೇ ಕೆಲವು ತಪ್ಪು ಕಲ್ಪನೆಗಳು ಬೇರೂರಿವೆ.

ಬರೆದವರ ಕಂಪ್ಯೂಟರ್‌ನಲ್ಲಿ ನಡೆದ ಉದಾಹರಣೆ ಎಲ್ಲರಲ್ಲಿಯೂ ನಡೆಯುತ್ತದೆ ಎಂಬುದು ಇವುಗಳಲ್ಲಿ ಅತ್ಯಂತ ಹಾನಿಕರವಾದುದು. ಅಮೆಜಾನ್ ಕ್ಲೌಡ್‌ನಲ್ಲಿ ಸರ್ವರ್ ಎಬ್ಬಿಸಲು ಎಎಮ್‌ಐ, ಅಂದರೆ ಆಪರೇಟಿಂಗ್ ಸಿಸ್ಟಮ್ ತುಂಬಿಟ್ಟ ಅಚ್ಚುಪ್ರತಿ, ಬೇಕಾಗುತ್ತದೆ. ಅದರ ಗುರುತಿನ ಸಂಖ್ಯೆ ಒಂದೊಂದು ರೀಜನ್‌ಗೆ, ಅಂದರೆ ಡೇಟಾ ಸೆಂಟರ್‌ಗಳ ಒಂದೊಂದು ಪ್ರಾದೇಶಿಕ ಸಮೂಹಕ್ಕೆ, ಬೇರೆಬೇರೆಯಾಗಿರುತ್ತದೆ. ಅಮೆರಿಕದ ರೀಜನ್‌ನ ಸಂಖ್ಯೆಯನ್ನು ಪುಟದಿಂದ ನಕಲು ಮಾಡಿ, ಹತ್ತಿರದ್ದಿರಲಿ ಎಂದು 2016ರಲ್ಲಿ ಆರಂಭವಾದ ಮುಂಬಯಿ ರೀಜನ್‌ನ ಹೆಸರನ್ನು ಹಾಕಿದ ವಿದ್ಯಾರ್ಥಿಗೆ ‘ಪ್ಲಾನ್’ ಕಮಾಂಡ್, ಅಂದರೆ ಆಗಲಿರುವ ಬದಲಾವಣೆಗಳ ಮುನ್ನೋಟ, ಯಾವ ತಕರಾರೂ ಇಲ್ಲದೆ ದೊರೆಯುತ್ತದೆ. ಏಕೆಂದರೆ ಫೈಲಿನಲ್ಲಿ ನೇರವಾಗಿ ಬರೆದ ಆ ಸಂಖ್ಯೆ ನಿಜವಾಗಿ ಇದೆಯೇ ಎಂಬುದನ್ನು ಆ ಹಂತದಲ್ಲಿ ಪರೀಕ್ಷಿಸುವುದಿಲ್ಲ. ಮುಂದೆ ಆ ಬದಲಾವಣೆಗಳನ್ನು ಜಾರಿಗೊಳಿಸುವ ‘ಅಪ್ಲೈ’ ಕಮಾಂಡ್ ಕೊಟ್ಟು ‘ಯೆಸ್’ ಎಂದು ಟೈಪ್ ಮಾಡಿದ ಮೇಲೆಯೇ, ಅಂಥ ಇಮೇಜ್ ಇಲ್ಲ ಎಂಬ ಉತ್ತರ ಕ್ಲೌಡ್‌ನಿಂದ ಬರುತ್ತದೆ. ತಪ್ಪು ತನ್ನದೇ ಎಂದು ವಿದ್ಯಾರ್ಥಿ ಭಾವಿಸುತ್ತಾನೆ. ವಾಸ್ತವದಲ್ಲಿ ತಪ್ಪು ಪುಟದ್ದು. ಸಂಖ್ಯೆಯನ್ನು ಅಚ್ಚೊತ್ತುವ ಬದಲು, ಮಾಲೀಕರ ಗುರುತು ಮತ್ತು ಹೆಸರಿನ ಮಾದರಿಯ ಆಧಾರದಿಂದ ಸರಿಯಾದ ಇಮೇಜನ್ನು ಆಯಾ ರೀಜನ್‌ನಲ್ಲಿಯೇ ಹುಡುಕಿಕೊಳ್ಳುವ ‘ಡೇಟಾ’ ಬ್ಲಾಕ್ ಬಳಸಿದರೆ ಈ ತೊಡಕು ನಿವಾರಣೆಯಾಗುತ್ತದೆ, ಮತ್ತು ಎದುರಾಗಬಹುದಾದ ಎರರ್ ಸಂದೇಶವನ್ನು ಇದ್ದ ಹಾಗೆಯೇ ಪುಟದಲ್ಲಿ ಕೊಟ್ಟರೆ ಓದುಗನ ಅರ್ಧ ಭಯ ಇಳಿಯುತ್ತದೆ.

‘ಸ್ಟೇಟ್’ ವಿಚಾರವನ್ನು ಹೊಸಬರಿಗೆ ಹೇಳಬಾರದು, ಅದು ಮುಂದಿನ ಪಾಠಕ್ಕಿರಲಿ ಎಂಬುದು ಇನ್ನೊಂದು ನಂಬಿಕೆ. ತಾನು ಏನೇನು ಕಟ್ಟಿದ್ದೇನೆ ಎಂದು ಟೆರಾಫಾರ್ಮ್ ಬರೆದಿಟ್ಟುಕೊಳ್ಳುವ ಲೆಕ್ಕದ ಖಾತೆಯೇ ಸ್ಟೇಟ್ ಫೈಲ್, ಮತ್ತು ಅದು ಮೊದಲ ‘ಅಪ್ಲೈ’ ಆದ ಕ್ಷಣದಿಂದಲೇ ವಿದ್ಯಾರ್ಥಿಯ ಫೋಲ್ಡರ್‌ನಲ್ಲಿ ಇರುತ್ತದೆ. ಕಸವೆಂದು ಅದನ್ನು ಅಳಿಸಿದರೆ ಸಾಧನಕ್ಕೆ ಹಳೆಯ ಸರ್ವರ್‌ನ ನೆನಪೇ ಇಲ್ಲವಾಗಿ, ಮುಂದಿನ ಬಾರಿ ಅದು ಮತ್ತೊಂದನ್ನು ಕಟ್ಟಲು ಹೊರಡುತ್ತದೆ, ಮೊದಲಿನದರ ಬಿಲ್ಲೂ ಏರುತ್ತಲೇ ಇರುತ್ತದೆ. ‘ಸೆನ್ಸಿಟಿವ್’ ಎಂದು ಗುರುತಿಸಿದ ಪಾಸ್‌ವರ್ಡ್ ಸುರಕ್ಷಿತ ಎಂಬ ಭಾವನೆಯೂ ಸರಿಯಲ್ಲ: ಆ ಗುರುತು ಪರದೆಯ ಮೇಲೆ ಅದನ್ನು ಮರೆಮಾಡುತ್ತದೆಯೇ ಹೊರತು, ಸ್ಟೇಟ್ ಫೈಲಿನಲ್ಲಿ ಅದು ಸಾಮಾನ್ಯವಾಗಿ ಯಾರು ಬೇಕಾದರೂ ಓದಬಹುದಾದ ಅಕ್ಷರಗಳಲ್ಲಿಯೇ ಉಳಿದಿರುತ್ತದೆ. ಓಪನ್‌ಟೋಫು 2024ರ 1.7ನೆಯ ಆವೃತ್ತಿಯಲ್ಲಿ ಸ್ಟೇಟ್ ಫೈಲನ್ನು ಗೂಢಲಿಪಿಗೊಳಿಸುವ ಸೌಲಭ್ಯ ತಂದಿತಾದರೂ ಅದನ್ನು ಬಳಕೆದಾರರೇ ಸಜ್ಜುಗೊಳಿಸಬೇಕು. ಸ್ಟೇಟ್ ಫೈಲನ್ನು ಅಳಿಸಬಾರದು, ಕೋಡ್‌ನ ಆವೃತ್ತಿಗಳನ್ನು ಕಾಪಿಡುವ ಗಿಟ್‌ಗೆ ಸೇರಿಸಬಾರದು ಎಂಬ ಎರಡು ವಾಕ್ಯಗಳು ಮೊದಲ ಪಾಠವನ್ನು ಭಾರವಾಗಿಸುವುದಿಲ್ಲ.

ಪುಟ ಚಿಕ್ಕದಿದ್ದಷ್ಟೂ ಸುಲಭ ಎಂಬ ಮಾತೂ ಅರೆಸತ್ಯ. ಕ್ಲೌಡ್ ಖಾತೆಯ ಅನುಮತಿಗಳನ್ನು ಪಡೆಯುವ ಬಗೆಯನ್ನು ನುಂಗಿಹಾಕಿ ಮೂರೇ ಕಮಾಂಡ್‌ಗಳಲ್ಲಿ ಮುಗಿಯುವ ಪಾಠ ಬರೆದವರಿಗೆ ಮಾತ್ರ ಸುಲಭವಾಗಿರುತ್ತದೆ.

ಕಟ್ಟಿದ್ದನ್ನು ಕೆಡವುವ ‘ಡಿಸ್ಟ್ರಾಯ್’ ಕಮಾಂಡ್ ಅನುಬಂಧದಲ್ಲಿದ್ದರೆ ಸಾಕು ಎಂಬ ಕಲ್ಪನೆಗಂತೂ ಹಣದ ರೂಪದಲ್ಲಿಯೇ ಬೆಲೆ ತೆರಬೇಕಾಗುತ್ತದೆ. ಪಾಠ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದ ಮಾತ್ರಕ್ಕೆ ಸರ್ವರ್ ನಿಲ್ಲುವುದಿಲ್ಲ. ಅದಕ್ಕೆ ಅಂಟಿಕೊಂಡ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ, ಉಚಿತ ಮಿತಿಯ ಹೊರಗಿದ್ದರೆ, ಅಮೆಜಾನ್ 2024ರ ಫೆಬ್ರವರಿ 1ರಿಂದ ಗಂಟೆಗೆ 0.005 ಡಾಲರ್ ವಸೂಲು ಮಾಡುತ್ತಿದೆ. ಆದಕಾರಣ ‘ಡಿಸ್ಟ್ರಾಯ್’ ಇರಬೇಕಾದದ್ದು ‘ಅಪ್ಲೈ’ ಇರುವ ಪುಟದಲ್ಲಿಯೇ.