ರೋಗಿಯೇ ಹುಡುಕಿಕೊಂಡ ಮಾತ್ರೆ

ಮೊದಲ ಸಲ ಸಿಕ್ಕಿದ್ದು ಒಂದೇ ಒಂದು ಅಂಡಾಣು. ನ್ಯೂಯಾರ್ಕಿನ ಆ ಮಹಿಳೆಗೆ ವಯಸ್ಸು ನಲವತ್ತೆರಡು ದಾಟಿತ್ತು. ದಿನವೂ ಹಾರ್ಮೋನು ಚುಚ್ಚಿದರೂ ಅಂಡಾಶಯ ಓಗೊಡದಂಥವರನ್ನು ಐವಿಎಫ್ ವೈದ್ಯರು ‘ಪೂರ್ ರೆಸ್ಪಾಂಡರ್’ ಎನ್ನುತ್ತಾರೆ. ಡೋಸ್ ಏರಿಸುವುದು, ಅದಕ್ಕೂ ಬಗ್ಗದಿದ್ದರೆ ದಾನಿಯ ಅಂಡಾಣು ಪಡೆಯಿರಿ ಎನ್ನುವುದು ವಾಡಿಕೆ. ನಾರ್ಬರ್ಟ್ ಗ್ಲೈಷರ್ ಮತ್ತು ಡೇವಿಡ್ ಬರಾಡ್ ಎಂಬ ವೈದ್ಯರ ಸಲಹೆಯೂ ಅದೇ ಆಗಿತ್ತು. ಆಕೆ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಸಿಕ್ಕಷ್ಟು ಭ್ರೂಣ ಫ್ರೀಜ್ ಮಾಡಿಡಿ, ಮತ್ತೆ ಬರುತ್ತೇನೆ ಎಂದರು.

ಬಂದರು. ಹನ್ನೊಂದು ತಿಂಗಳಲ್ಲಿ ಒಂಬತ್ತು ಸಲ. ಆ ವಯಸ್ಸಿನಲ್ಲಿ ಇಳಿಯಬೇಕಿದ್ದ ಲೆಕ್ಕ ಏರತೊಡಗಿತು; ಕೊನೆಕೊನೆಗೆ ಒಂದೇ ಸಲಕ್ಕೆ ಡಜನ್ ಮೀರಿ ಅಂಡಾಣುಗಳು. ವೈದ್ಯರು ತಲೆಕೆಡಿಸಿಕೊಂಡರು. ಗುಟ್ಟು ಆಕೆಯ ಬಳಿಯೇ ಇತ್ತು.

ಸಂಶೋಧನಾ ಪತ್ರಿಕೆಗಳನ್ನು ತಡಕಾಡಿದ್ದ ಆಕೆಗೆ 2000ದಲ್ಲಿ ಪೀಟರ್ ಕ್ಯಾಸನ್ ತಂಡ ಪ್ರಕಟಿಸಿದ್ದ ಪುಟ್ಟ ವರದಿ ಕಣ್ಣಿಗೆ ಬಿದ್ದಿತ್ತು. ಡಿಎಚ್‌ಇಎ ಎಂಬ ಹಾರ್ಮೋನು ಕೊಟ್ಟ ಮೇಲೆ ಇಂಥದೇ ಐವರು ಮಹಿಳೆಯರ ಅಂಡಾಶಯ ಚುರುಕಾದ ವಿವರ ಅದರಲ್ಲಿತ್ತು. ಐದೇ ಜನರ ಮಾತು, ಯಾರೂ ಹೆಚ್ಚು ಕಿವಿಗೊಟ್ಟಿರಲಿಲ್ಲ. ಅಮೆರಿಕದಲ್ಲಿ ಈ ಹಾರ್ಮೋನಿನ ಮಾತ್ರೆಗೆ ವೈದ್ಯರ ಚೀಟಿ ಬೇಡ, ಪೌಷ್ಟಿಕ ಪದಾರ್ಥದ ಹೆಸರಲ್ಲಿ ಮಾರುತ್ತಾರೆ. ಆಕೆ ಕೊಂಡು ನುಂಗುತ್ತಿದ್ದರು, ಅಷ್ಟೆ. 2005ರಲ್ಲಿ ಬರಾಡ್, ಗ್ಲೈಷರ್ ಆಕೆಯ ಪ್ರಕರಣವನ್ನು ಪ್ರಕಟಿಸಿದರು.

ಡಿಎಚ್‌ಇಎ ಮುಖ್ಯವಾಗಿ ಮೂತ್ರಪಿಂಡದ ನೆತ್ತಿಯ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಹುಟ್ಟುತ್ತದೆ, ವಯಸ್ಸಾದಂತೆ ಕುಗ್ಗುತ್ತದೆ. ಅಂಡಾಶಯ ಅದನ್ನು ಟೆಸ್ಟೋಸ್ಟೆರಾನ್ ಆಗಿಸಿಕೊಳ್ಳುತ್ತದೆ. ‘ಗಂಡಸಿನ’ ಹಾರ್ಮೋನು ಎಂದು ನಾವು ಬದಿಗಿಡುವ ಇದು ಅಂಡಾಣು ಬೆಳೆಯುವ ಎಳೆಯ ಕೋಶಗಳ ಬೆಳವಣಿಗೆಗೆ ನೆರವಾಗುತ್ತದೆ ಎಂಬುದು ವಾದ. ಅಂಡಾಣು ಬಲಿಯಲು ತಿಂಗಳುಗಳೇ ಬೇಕು. ಚುಚ್ಚುಮದ್ದಿನ ಆಟವೆಲ್ಲ ಕೊನೆಯ ಎರಡು ವಾರದ್ದು. ಎಳೆಯ ಕೋಶಗಳೇ ಇಲ್ಲದಾಗ ಡೋಸ್ ಏರಿಸುವುದೆಂದರೆ ಸಸಿ ಏಳದ ಹೊಲಕ್ಕೆ ಗೊಬ್ಬರ ಸುರಿದಂತೆ. ಆಕೆಯ ಲೆಕ್ಕ ನಿಧಾನವಾಗಿ ಏರಿದ್ದಕ್ಕೂ ಇದು ಹೊಂದುತ್ತದೆ.

ಆದರೆ ಒಬ್ಬರ ದೇಹ ಪುರಾವೆಯಾಗದು. 2010ರಲ್ಲಿ ಇಸ್ರೇಲಿನ ವೈದ್ಯರು 33 ಮಹಿಳೆಯರನ್ನು ಎರಡು ಗುಂಪಾಗಿಸಿ ಪರೀಕ್ಷಿಸಿದಾಗ ಮಾತ್ರೆ ನುಂಗಿದವರಲ್ಲಿ ಹೆರಿಗೆಗಳು ಹೆಚ್ಚು ಕಂಡವು. 33 ಕೂಡ ಸಣ್ಣ ಸಂಖ್ಯೆಯೇ. ಕಾಕ್ರೇನ್ ಎಂಬ ಸಂಸ್ಥೆಯ 2015ರ ವಿಮರ್ಶೆ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲಾಭ ಕಂಡಿತು, ದುರ್ಬಲವಾದವನ್ನು ಜರಡಿ ಹಿಡಿದು ತೆಗೆದಾಗ ಆ ಲಾಭ ಮಸುಕಾಯಿತು. ಯುರೋಪಿನ ಸಂತಾನ ಚಿಕಿತ್ಸಾ ವೈದ್ಯರ ಸಂಘ ಇದನ್ನು ಶಿಫಾರಸು ಮಾಡಿಲ್ಲ. ಬಳಕೆಯ ಪೇಟೆಂಟು ಮಾತ್ರ ಆ ಇಬ್ಬರು ವೈದ್ಯರ ಹೆಸರಲ್ಲಿ ಆಯಿತು. ತಾನೇ ಹುಡುಕಿ ನುಂಗಿ ನೋಡಿದಾಕೆ ಅವರ ವರದಿಯಲ್ಲಿ ಬರೀ ‘ರೋಗಿ’.

ನಮ್ಮ ಐವಿಎಫ್ ಚೀಟಿಗಳಲ್ಲೂ 25 ಮಿ.ಗ್ರಾಂ. ಮಾತ್ರೆ, ದಿನಕ್ಕೆ ಮೂರು ಎಂದು ಈಗಲೂ ಬರೆಯುವವರಿದ್ದಾರೆ. ಮೊಡವೆ ಎದ್ದರೆ, ಮುಖದ ಮೇಲೆ ಕೂದಲು ಹೆಚ್ಚಿದರೆ ಹೇಳಿ ಎಂಬ ಮಾತೂ ಜೊತೆಗಿರುತ್ತದೆ.