ತಣ್ಣನೆಯ ಶಾವಿಗೆ: ಜಪಾನಿನದ್ದೂ ನಮ್ಮದೂ

ಬೇಸಿಗೆಯಲ್ಲಿ ಜಪಾನಿನವರು ತಣ್ಣನೆಯ ಶಾವಿಗೆ ತಿನ್ನುತ್ತಾರೆ. 'ಬಕ್‌ವೀಟ್' ಎಂಬ ಕಾಳಿನ ಹಿಟ್ಟಿನಿಂದ ಮಾಡಿದ್ದು ಸೋಬಾ. ಗೋಧಿಯ ತೆಳು ಎಳೆ ಸೋಮೆನ್. ಯಂತ್ರದಲ್ಲಿ ಮಾಡಿದ್ದಾದರೆ ಅದರ ದಪ್ಪ 1.3 ಮಿಲಿಮೀಟರಿಗಿಂತ ಕಡಿಮೆ ಇರಬೇಕು. ಎರಡನ್ನೂ ಕುದಿಸಿ, ತಣ್ಣೀರಿನಲ್ಲಿ ತೊಳೆದು, ಸೋಯಾ ಸಾಸ್ ಬೆರೆತ ತಿಳಿಸಾರಿಗೆ ಅದ್ದಿ ತಿನ್ನುತ್ತಾರೆ. ಆ ಸಾರಿಗೆ ಸಾಮಾನ್ಯವಾಗಿ ಒಣಮೀನು ಬಿದ್ದಿರುತ್ತದೆ. ಸಸ್ಯಾಹಾರಿಗಳು ಕೇಳಿಯೇ ತಿನ್ನಿ.

ಲಿಂಗದಹಳ್ಳಿ ಕಡೆಯ ನಮಗೆ ಇದೇನು ಹೊಸದಲ್ಲ. ಒತ್ತು ಶಾವಿಗೆ, ಕಾಯಿ ಹಾಲು ಇದೆಯಲ್ಲ! ಅದೂ ಆರಿದ ಮೇಲೇ ರುಚಿ. ವ್ಯತ್ಯಾಸ ಒಂದೇ: ಅವರು ಎಳೆ ಮಾಡಿ ಆಮೇಲೆ ಬೇಯಿಸುತ್ತಾರೆ, ನಾವು ಬೇಯಿಸಿ ಆಮೇಲೆ ಎಳೆ ಮಾಡುತ್ತೇವೆ. ಅವರ ಎಳೆ ನೀರಲ್ಲಿ ಬೆಂದು ಮೇಲೆಲ್ಲ ಲೋಳೆಯಾಗುತ್ತದೆ, ಅದಕ್ಕೇ ತೊಳೆಯಬೇಕು. ನಮ್ಮದಕ್ಕೆ ಆ ಕೆಲಸವಿಲ್ಲ.

ಮಾಡುವುದು ಹೀಗೆ. ಒಂದು ಲೋಟ ದೋಸೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ನುಣ್ಣಗೆ ರುಬ್ಬಿ. ರುಬ್ಬಿದ ನೀರೂ ಸೇರಿ ಎರಡು ಲೋಟ ಮೀರದಿರಲಿ. ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ತಳ ಬಿಟ್ಟು ಮುದ್ದೆಯಾದಾಗ ಇಳಿಸಿ, ಕೈಗೆ ಎಣ್ಣೆ ಸವರಿಕೊಂಡು ಉಂಡೆ ಕಟ್ಟಿ, ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಬಿಸಿ ಇರುವಾಗಲೇ ಶಾವಿಗೆ ಒರಳಿಗೆ ತುಂಬಿ ಒತ್ತಿ. ಇಲ್ಲಿ ಸೋಮಾರಿತನ ನಡೆಯದು. ಬಿಸಿಗೆ ಅಕ್ಕಿಯ 'ಸ್ಟಾರ್ಚ್', ಅಂದರೆ ಪಿಷ್ಟ, ನೀರು ಹೀರಿ ಊದಿ ಮೆತ್ತಗಾಗಿರುತ್ತದೆ, ಆರಿದರೆ ಬಿಗಿಯುತ್ತದೆ. ಆರಿದ ಉಂಡೆ ಒತ್ತಲು ಹೋದರೆ ನೋಯುವುದು ನಿಮ್ಮ ರಟ್ಟೆಯೇ. ಒತ್ತಿದ ಮೇಲೆ ಅದೇ ಬಿಗಿತ ಉಪಕಾರಿ: ಎಳೆಗಳು ಅಂಟದೆ ಬಿಡಿಬಿಡಿಯಾಗುತ್ತವೆ.

ತಣ್ಣಗೆ ಬೇಕೆಂದು ಫ್ರಿಜ್ಜಿನಲ್ಲಿಟ್ಟರೆ? ಬೇಡ. ಗೋಧಿಯ ಸೋಮೆನ್ ಐಸ್ ತಡೆಯುತ್ತದೆ, ಅಕ್ಕಿ ಶಾವಿಗೆ ಕಡ್ಡಿಯಾಗುತ್ತದೆ. ಗಟ್ಟಿಯಾಗಿಬಿಟ್ಟರೆ ಐದು ನಿಮಿಷ ಹಬೆ ಕೊಡಿ, ಮತ್ತೆ ಮೆತ್ತಗಾಗುತ್ತದೆ. ತಂಪು ಮಾಡುವುದಿದ್ದರೆ ಕಾಯಿ ಹಾಲನ್ನು ಮಾಡಿ.

ಅದಕ್ಕೆ ಅರ್ಧ ಹೋಳು ಕಾಯಿತುರಿ, ಒಂದು ಚಮಚ ನೆನೆಸಿದ ಗಸಗಸೆ, ಎರಡು ಏಲಕ್ಕಿ ರುಬ್ಬಿ ಹಿಂಡಿ. ಬೆಲ್ಲವನ್ನು ಬೇರೆಯಾಗಿ ಕರಗಿಸಿ, ಸೋಸಿ, ಆರಿಸಿ ಬೆರೆಸಿ. ಕುದಿಸಿದರೆ ಹಾಲು ಒಡೆಯಬಹುದು. ಬೇಸಿಗೆಯಲ್ಲಿ ಇದು ಬೇಗ ಹುಳಿಯುತ್ತದೆ, ಉಣ್ಣುವ ಹೊತ್ತಿಗೇ ಮಾಡಿ. ಸಿಹಿ ಬೇಡದವರಿಗೆ ಕೋಳಿ ಸಾರು ಇದ್ದೇ ಇದೆ. ಮಿಕ್ಕಿದ ಶಾವಿಗೆಗೆ ನಿಂಬೆಹಣ್ಣಿನ ಒಗ್ಗರಣೆ. ನನಗಂತೂ ಅದೇ ಹೆಚ್ಚು ಇಷ್ಟ.

ಖರ್ಚು? ಒಂದು ಲೋಟ ಅಕ್ಕಿ ಇಬ್ಬರಿಗೆ ಸಾಕು. ಕಾಯಿ ತೋಟದ್ದೇ ಆದರೆ ದುಡ್ಡು ಬೀಳುವುದು ಬೆಲ್ಲ, ಏಲಕ್ಕಿ, ಗಸಗಸೆಗೆ. ದೊಡ್ಡ ಖರ್ಚು ಒರಳಿನದು. ಕೈಯಲ್ಲಿ ತಿರುಗಿಸುವ ಚಕ್ಕುಲಿ ಒರಳು ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಸಣ್ಣ ತೂತಿನ ಬಿಲ್ಲೆ ಕೇಳಿ ಪಡೆಯಿರಿ. ಇಬ್ಬರಿಗೆ ಅದು ಸಾಕು. ಹತ್ತು ಜನರ ಮನೆಗೆ ಮೂರು ಕಾಲಿನ ದೊಡ್ಡ ಒರಳೇ ಬೇಕು, ಅದಕ್ಕೆ ಸಾವಿರದ ಲೆಕ್ಕ. ತರೀಕೆರೆ, ಬೀರೂರಿನ ಪಾತ್ರೆ ಅಂಗಡಿಗಳಲ್ಲಿ ವಿಚಾರಿಸಿ. ಅದಕ್ಕೂ ಮೊದಲು ನಿಮ್ಮ ಹಳೇ ಮನೆಯ ಅಟ್ಟ ಒಮ್ಮೆ ಹತ್ತಿ ನೋಡಿ. ಅಜ್ಜಿಯ ಕಾಲದ ಒರಳು ಅಲ್ಲೇ ಇದ್ದರೂ ಇರಬಹುದು.