ನ್ಯಾಸ್ಕಾರ್ ಪಂದ್ಯಗಳಲ್ಲಿ ಡ್ಯಾನ್ ಗರ್ನಿ

ಡೇನಿಯಲ್ ಸೆಕ್ಸ್‌ಟನ್ ಗರ್ನಿ (ಏಪ್ರಿಲ್ 13, 1931 – ಜನವರಿ 14, 2018) ಅಮೆರಿಕದ ಕಾರು ಪಂದ್ಯ ಚಾಲಕರು, ಕಾರು ನಿರ್ಮಾಪಕರು ಮತ್ತು ತಂಡದ ಒಡೆಯರು. ಫಾರ್ಮುಲಾ ಒನ್ ಚಾಲಕರಾಗಿ ಪ್ರಸಿದ್ಧರಾದ ಅವರು, ಅಮೆರಿಕದ ಸ್ಟಾಕ್ ಕಾರ್ ಪಂದ್ಯಗಳ ಪ್ರಮುಖ ಸಂಸ್ಥೆಯಾದ ನ್ಯಾಸ್ಕಾರ್‌ನ ಅತ್ಯುನ್ನತ ಶ್ರೇಣಿಯಲ್ಲಿಯೂ 1962ರಿಂದ 1980ರ ನಡುವೆ ಆಗೊಮ್ಮೆ ಈಗೊಮ್ಮೆ ಸ್ಪರ್ಧಿಸಿದರು. ಒಟ್ಟು 16 ಪಂದ್ಯಗಳಲ್ಲಿ ಭಾಗವಹಿಸಿ 5ರಲ್ಲಿ ಜಯ ಗಳಿಸಿದರು. ಈ ಐದೂ ಜಯಗಳು ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಎಂಬ ಒಂದೇ ಪಥದಲ್ಲಿ ದೊರೆತವು. ಒಂದು ಋತುವಿನ ಎಲ್ಲ ಪಂದ್ಯಗಳಲ್ಲಿಯೂ ಓಡದೆ, ತಿರುವುಗಳಿಂದ ಕೂಡಿದ ರಸ್ತೆಪಥಗಳಲ್ಲಿ ಮಾತ್ರ ಅತಿಥಿಯಾಗಿ ಬಂದು ಸ್ಪರ್ಧಿಸುವ ಚಾಲಕರ ಪರಂಪರೆಯಲ್ಲಿ ಅವರು ಮೊದಲಿಗರ ಸಾಲಿಗೆ ಸೇರುತ್ತಾರೆ.

ಹಿನ್ನೆಲೆ

ಗರ್ನಿಯವರು ನ್ಯೂಯಾರ್ಕ್ ರಾಜ್ಯದ ಪೋರ್ಟ್ ಜೆಫರ್ಸನ್‌ನಲ್ಲಿ ಜನಿಸಿದರು. ಅವರ ತಂದೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಅಪೆರಾದಲ್ಲಿ ಗಾಯಕರಾಗಿದ್ದರು. ಕುಟುಂಬವು ಮುಂದೆ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಪಟ್ಟಣಕ್ಕೆ ವಲಸೆ ಹೋಯಿತು. ಕೊರಿಯಾ ಯುದ್ಧದ ಕಾಲದಲ್ಲಿ ಗರ್ನಿಯವರು ಸೈನ್ಯದಲ್ಲಿ ಸೇವೆ ಸಲ್ಲಿಸಿದರು. 1957ರಲ್ಲಿ ಅವರ ಊರಿನ ಸಮೀಪದಲ್ಲೇ ರಿವರ್‌ಸೈಡ್ ರೇಸ್‌ವೇ ಆರಂಭವಾಯಿತು. ಅದೇ ವರ್ಷ ಅಲ್ಲಿ ಫೆರಾರಿ ಕಾರೊಂದನ್ನು ಓಡಿಸಿ, ಆಗಲೇ ಹೆಸರುವಾಸಿಯಾಗಿದ್ದ ಕ್ಯಾರಲ್ ಶೆಲ್ಬಿಯವರ ಬೆನ್ನಿಗೇ ಎರಡನೆಯ ಸ್ಥಾನ ಪಡೆದದ್ದು ಅವರ ಏಳಿಗೆಗೆ ದಾರಿ ಮಾಡಿಕೊಟ್ಟಿತು.

1959ರಲ್ಲಿ ಅವರು ಫಾರ್ಮುಲಾ ಒನ್ ಪ್ರವೇಶಿಸಿದರು. ಆದರೂ ಭಾರವಾದ ಅಮೆರಿಕನ್ ಕಾರುಗಳ ಮೇಲಿನ ಆಸಕ್ತಿ ಅವರನ್ನು ಬಿಡಲಿಲ್ಲ. 1961ರಲ್ಲಿ ಷೆವರ್ಲೆ ಇಂಪಾಲ ಕಾರನ್ನು ಇಂಗ್ಲೆಂಡಿಗೆ ಕೊಂಡೊಯ್ದು, ಸಿಲ್ವರ್‌ಸ್ಟೋನ್ ಪಥದಲ್ಲಿ ಜಾಗ್ವಾರ್ ಕಾರುಗಳನ್ನು ಹಿಂದಿಕ್ಕಿ ಮುನ್ನಡೆಯಲ್ಲಿದ್ದರು. ಪಂದ್ಯ ಮುಗಿಯುವ ಮೊದಲೇ ಚಕ್ರ ಮುರಿದುದರಿಂದ ಗೆಲುವು ಕೈತಪ್ಪಿತು. ದೊಡ್ಡ ಕಾರೂ ಕೂಡ ಸರಿಯಾಗಿ ಓಡಿಸಿದರೆ ತಿರುವುಗಳ ಪಥದಲ್ಲಿ ಮುಂದಿರಬಲ್ಲದು ಎಂಬುದು ಅಂದೇ ಕಂಡುಬಂದಿತ್ತು.

ಅಂಡಾಕಾರದ ಪಥ ಮತ್ತು ರಸ್ತೆಪಥ

ಮಾರುಕಟ್ಟೆಯಲ್ಲಿ ಸಾಮಾನ್ಯರಿಗೆ ದೊರೆಯುವ ಕಾರಿನ ಮೈಕಟ್ಟನ್ನು ಉಳಿಸಿಕೊಂಡು ಪಂದ್ಯಕ್ಕಾಗಿ ಸಿದ್ಧಪಡಿಸಿದ ವಾಹನವೇ ಸ್ಟಾಕ್ ಕಾರ್. 1960ರ ದಶಕದಲ್ಲಿ ಇವುಗಳ ತೂಕ ಒಂದೂವರೆ ಟನ್ನಿಗೂ ಮೀರಿದ್ದು, ಏಳು ಲೀಟರ್‌ಗಳಷ್ಟು ದೊಡ್ಡ ಎಂಜಿನ್‌ಗಳನ್ನು ಅಳವಡಿಸಲಾಗುತ್ತಿತ್ತು. ನ್ಯಾಸ್ಕಾರ್‌ನ ಬಹುಪಾಲು ಪಂದ್ಯಗಳು ಅಂಡಾಕಾರದ ಪಥಗಳಲ್ಲಿ ನಡೆಯುತ್ತಿದ್ದವು. ಅಲ್ಲಿ ಚಾಲಕನು ಎಡಕ್ಕೆ ಮಾತ್ರ ತಿರುಗುತ್ತಾನೆ; ದೊಡ್ಡ ಪಥಗಳಲ್ಲಂತೂ ಗೇರು ಬದಲಿಸುವ ಪ್ರಸಂಗ ಅಪರೂಪ, ಬ್ರೇಕಿನ ಬಳಕೆಯೂ ಮಿತ.

ರಿವರ್‌ಸೈಡ್ ಇದಕ್ಕೆ ತದ್ವಿರುದ್ಧವಾಗಿತ್ತು. ಸುಮಾರು 2.7 ಮೈಲಿ ಉದ್ದದ ಆ ಪಥದಲ್ಲಿ ಎಡಬಲಗಳಿಗೆ ಹೊರಳುವ ಏರುದಾರಿಯ ತಿರುವುಗಳು, ನಿಧಾನದ ತಿರುವುಗಳು ಮತ್ತು ಅತಿವೇಗದ ದೀರ್ಘ ನೇರದಾರಿ ಇದ್ದವು. ನೇರದಾರಿಯ ಕೊನೆಯಲ್ಲಿ ಭಾರವಾದ ಕಾರನ್ನು ಪ್ರತಿ ಸುತ್ತಿನಲ್ಲಿಯೂ ತಗ್ಗಿಸಬೇಕಾಗುತ್ತಿತ್ತು. 500 ಮೈಲಿಗಳ, ಅಂದರೆ ಸುಮಾರು 800 ಕಿಲೋಮೀಟರ್‌ಗಳ ಪಂದ್ಯ ಮುಗಿಯಲು ಐದು ಗಂಟೆಗಳ ಆಸುಪಾಸು ಹಿಡಿಯುತ್ತಿತ್ತು. ಅಷ್ಟು ಹೊತ್ತು ಡ್ರಮ್ ಬ್ರೇಕುಗಳು ಕಾದು ಹಿಡಿತ ಕಳೆದುಕೊಳ್ಳದಂತೆ, ಗೇರು ಬದಲಿಸುವಾಗ ಎಂಜಿನ್ ಮಿತಿ ಮೀರಿ ತಿರುಗದಂತೆ ಕಾಪಾಡುವುದೇ ಗೆಲುವಿನ ಗುಟ್ಟಾಗಿತ್ತು. ಯೂರೋಪಿನ ರಸ್ತೆಪಥಗಳಲ್ಲಿ ಪಳಗಿದ್ದ ಗರ್ನಿಯವರಿಗೆ ಇದು ನಿತ್ಯದ ಕೆಲಸ. ಅಂಡಾಕಾರದ ಪಥದ ಚಾಂಪಿಯನ್ನರಿಗೆ ವರ್ಷದಲ್ಲಿ ಅಪರೂಪಕ್ಕೆ ಎದುರಾಗುವ ಪರೀಕ್ಷೆ.

ರಿವರ್‌ಸೈಡ್ ವಿಜಯಗಳು

1963ರ ಜನವರಿಯಲ್ಲಿ ನಡೆದ 500 ಮೈಲಿಗಳ ಪಂದ್ಯವನ್ನು ಗರ್ನಿಯವರು ಹೋಲ್ಮನ್-ಮೂಡಿ ತಂಡದ ಫೋರ್ಡ್ ಕಾರಿನಲ್ಲಿ ಗೆದ್ದರು. ಎ. ಜೆ. ಫಾಯ್ಟ್ ಎರಡನೆಯವರಾದರು. ಮರುತಿಂಗಳು ಡೇಟೋನಾ 500 ಪಂದ್ಯದಲ್ಲಿ ಮೊದಲ ಐದು ಸ್ಥಾನಗಳೂ ಫೋರ್ಡ್ ಕಾರುಗಳ ಪಾಲಾದಾಗ ಗರ್ನಿಯವರು ಐದನೆಯ ಸ್ಥಾನದಲ್ಲಿದ್ದರು.

1964ರಿಂದ ಅವರು ವರ್ಜೀನಿಯಾದ ಸ್ಟುವರ್ಟ್ ಪಟ್ಟಣದ ವುಡ್ ಸಹೋದರರ ತಂಡಕ್ಕಾಗಿ ರಿವರ್‌ಸೈಡ್‌ನಲ್ಲಿ ಸ್ಪರ್ಧಿಸಿದರು. ತಂಡದ ಮೂಲ ಸಂಖ್ಯೆ 21. ಅತಿಥಿ ಚಾಲಕನ ಕಾರಿಗೆ ಅದರ ಹಿಂದೆ ಒಂದು ಅಂಕೆ ಸೇರಿಸಿ 121 ಎಂದು ಬರೆಯಲಾಯಿತು. ಗ್ಲೆನ್ ಮತ್ತು ಲಿಯೊನಾರ್ಡ್ ವುಡ್ ಅವರ ಈ ತಂಡವು ಇಂಧನ ತುಂಬಿ ಚಕ್ರ ಬದಲಿಸುವ ಪಿಟ್ ನಿಲುಗಡೆಯನ್ನು ಅತಿ ಕಡಿಮೆ ಕಾಲದಲ್ಲಿ ಮುಗಿಸುವುದಕ್ಕೆ ಹೆಸರಾಗಿತ್ತು. 1965ರ ಇಂಡಿಯಾನಾಪೊಲಿಸ್ 500ರಲ್ಲಿ ಜಿಮ್ ಕ್ಲಾರ್ಕ್ ಗೆದ್ದಾಗ ಅವರ ಪಿಟ್ ಕೆಲಸ ನಿರ್ವಹಿಸಿದವರೂ ಇವರೇ. ಪಥದಲ್ಲಿ ಚಾಲಕನು ಉಳಿಸಿದ ಸಮಯವನ್ನು ಪಿಟ್‌ನಲ್ಲಿ ಕಳೆಯದ ತಂಡ ದೊರೆತುದರಿಂದ 1964, 1965 ಮತ್ತು 1966ರ ಪಂದ್ಯಗಳು ಸಾಲಾಗಿ ಗರ್ನಿಯವರದಾದವು. 1967ರ ಪಂದ್ಯವನ್ನು ಪಾರ್ನೆಲ್ಲಿ ಜೋನ್ಸ್ ಗೆದ್ದರು. 1968ರಲ್ಲಿ ಗರ್ನಿಯವರು 121ನೆಯ ಕಾರಿನಲ್ಲಿ ಮತ್ತೆ ಗೆದ್ದರು. ಹೀಗೆ ಆರು ವರ್ಷಗಳಲ್ಲಿ ನಡೆದ ಆರು ಜನವರಿ ಪಂದ್ಯಗಳ ಪೈಕಿ ಐದು ಅವರ ವಶವಾದವು.

ಪಂದ್ಯದ ಅಪಾಯಗಳು

ಈ ವಿಜಯಗಳ ಕಾಲ ಚಾಲಕರ ಸುರಕ್ಷತೆಯ ದೃಷ್ಟಿಯಿಂದ ಕಠಿಣವಾದುದಾಗಿತ್ತು. 1964ರ ಜನವರಿ 19ರಂದು ಗರ್ನಿಯವರು ಗೆದ್ದ ಪಂದ್ಯದಲ್ಲಿಯೇ, 1962 ಮತ್ತು 1963ರ ಚಾಂಪಿಯನ್ ಜೋ ವೆದರ್ಲಿಯವರು ಆರನೆಯ ತಿರುವಿನಲ್ಲಿ ಗೋಡೆಗೆ ಅಪ್ಪಳಿಸಿ ಮೃತಪಟ್ಟರು. ಅವರು ಭುಜಪಟ್ಟಿ ಧರಿಸಿರಲಿಲ್ಲ. ಚಾಲಕನ ಪಕ್ಕದ ಕಿಟಕಿಗೆ ಬಲೆ ಕಟ್ಟುವ ಪದ್ಧತಿಯೂ ಆಗ ಇರಲಿಲ್ಲ. ಇಂತಹ ಬಲೆಯನ್ನು ನ್ಯಾಸ್ಕಾರ್ ಮುಂದೆ ಕಡ್ಡಾಯಗೊಳಿಸಿತು. ಮರುವರ್ಷ ಅದೇ ಪಂದ್ಯದಲ್ಲಿ ಎ. ಜೆ. ಫಾಯ್ಟ್ ಅವರ ಕಾರಿನ ಬ್ರೇಕು ಕೈಕೊಟ್ಟು, ಕಾರು ಪಥದಿಂದಾಚೆ ಉರುಳಿ ಅವರ ಬೆನ್ನುಮೂಳೆ ಮುರಿಯಿತು. ಬ್ರೇಕುಗಳನ್ನು ಕಾಪಾಡುವ ಗರ್ನಿಯವರ ಚಾಲನಾಕ್ರಮವು ಸಮಯ ಉಳಿಸುವ ಉಪಾಯ ಮಾತ್ರವಾಗಿರದೆ ಪ್ರಾಣರಕ್ಷಣೆಯ ಮಾರ್ಗವೂ ಆಗಿತ್ತು ಎಂಬುದನ್ನು ಈ ಘಟನೆ ತೋರಿಸುತ್ತದೆ.

ನಂತರದ ಪಂದ್ಯಗಳು

1967ರ ಜೂನ್‌ನಲ್ಲಿ ಗರ್ನಿಯವರು ಫಾಯ್ಟ್ ಅವರೊಂದಿಗೆ ಲ ಮಾನ್ 24 ಗಂಟೆಗಳ ಪಂದ್ಯವನ್ನೂ, ಒಂದು ವಾರದ ಬಳಿಕ ತಮ್ಮದೇ ತಂಡ ನಿರ್ಮಿಸಿದ ಈಗಲ್ ಕಾರಿನಲ್ಲಿ ಬೆಲ್ಜಿಯಂ ಗ್ರ್ಯಾನ್ ಪ್ರಿಯನ್ನೂ ಗೆದ್ದರು. ಅದೇ ವರ್ಷ ರಿವರ್‌ಸೈಡ್‌ನಲ್ಲಿ ಇಂಡಿ ಕಾರುಗಳ ಪಂದ್ಯವನ್ನೂ ಗೆದ್ದು, ಫಾರ್ಮುಲಾ ಒನ್, ಇಂಡಿ ಕಾರ್, ನ್ಯಾಸ್ಕಾರ್ ಮತ್ತು ಸ್ಪೋರ್ಟ್ಸ್ ಕಾರ್ ಈ ನಾಲ್ಕೂ ವಿಭಾಗಗಳಲ್ಲಿ ಜಯಶಾಲಿಯಾದ ಮೊದಲ ಚಾಲಕರೆನಿಸಿದರು. ಮುಂದೆ ಈ ಸಾಧನೆ ಮಾಡಿದವರಲ್ಲಿ ಮಾರಿಯೋ ಆಂಡ್ರೆಟ್ಟಿ ಮತ್ತು ಹುವಾನ್ ಪಾಬ್ಲೊ ಮೊಂಟೊಯಾ ಸೇರಿದ್ದಾರೆ.

1970ರಲ್ಲಿ ಪೆಟ್ಟಿ ತಂಡದ ಪ್ಲಿಮತ್ ಸೂಪರ್‌ಬರ್ಡ್ ಕಾರಿನಲ್ಲಿ ರಿವರ್‌ಸೈಡ್‌ನ ಅರ್ಹತಾ ಸುತ್ತಿನಲ್ಲಿ ಅತಿವೇಗಿಗಳಾಗಿ, ಪಂದ್ಯದಲ್ಲಿ ಆರನೆಯವರಾದರು. ಐದು ವರ್ಷಗಳ ಹಿಂದೆ ಇದೇ ಪಥದಲ್ಲಿ ಗಾಯಗೊಂಡಿದ್ದ ಫಾಯ್ಟ್ ಅಂದು ಗೆದ್ದರು. ಆ ವರ್ಷದ ಕೊನೆಗೆ ಗರ್ನಿಯವರು ಚಾಲನೆಯಿಂದ ನಿವೃತ್ತರಾದರು. ಸುಮಾರು ಒಂದು ದಶಕದ ನಂತರ, 1980ರ ಜನವರಿಯಲ್ಲಿ, 48ನೆಯ ವಯಸ್ಸಿನಲ್ಲಿ ಅವರು ಮತ್ತೊಮ್ಮೆ ರಿವರ್‌ಸೈಡ್‌ಗೆ ಮರಳಿದರು. ರಾಡ್ ಆಸ್ಟರ್‌ಲುಂಡ್ ತಂಡದಲ್ಲಿ, ಆ ವರ್ಷ ಚಾಂಪಿಯನ್ ಆಗಲಿದ್ದ ಡೇಲ್ ಅರ್ನ್‌ಹಾರ್ಟ್ ಅವರ ಜೊತೆಗಾರರಾಗಿ ಷೆವರ್ಲೆ ಕಾರನ್ನು ಓಡಿಸಿದರು. ಗೇರ್‌ಬಾಕ್ಸ್ ಕೆಟ್ಟುದರಿಂದ ಪಂದ್ಯ ಪೂರ್ಣಗೊಳಿಸಲಾಗಲಿಲ್ಲ. ಅದೇ ಅವರ ಕೊನೆಯ ನ್ಯಾಸ್ಕಾರ್ ಪಂದ್ಯ.

ಮಹತ್ವ

ಅಂಡಾಕಾರದ ಪಥಗಳಲ್ಲಿ ಗರ್ನಿಯವರಿಗೆ ನ್ಯಾಸ್ಕಾರ್ ಜಯ ದೊರೆಯಲಿಲ್ಲ. ಋತುವಿನುದ್ದಕ್ಕೂ ಅಂಕ ಗಳಿಸಿ ಪಡೆಯಬೇಕಾದ ಚಾಂಪಿಯನ್ ಪಟ್ಟಕ್ಕೂ ಅವರು ಸ್ಪರ್ಧಿಸಲಿಲ್ಲ. ಆದರೆ ರಸ್ತೆಪಥದ ಪಂದ್ಯಕ್ಕೆ ತಕ್ಕ ಚಾಲಕನನ್ನು ಹೊರಗಿನಿಂದ ಕರೆತರುವುದು ಲಾಭದಾಯಕವೆಂಬುದನ್ನು ಅವರ ಫಲಿತಾಂಶಗಳು ತಂಡಗಳಿಗೆ ಮನವರಿಕೆ ಮಾಡಿಕೊಟ್ಟವು. 1973ರಲ್ಲಿ ಪೆನ್ಸ್ಕಿ ತಂಡದ ಮಾರ್ಕ್ ಡೊನೊಹ್ಯೂ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದ್ದ ಮ್ಯಾಟಡಾರ್ ಕಾರಿನಲ್ಲಿ ರಿವರ್‌ಸೈಡ್ ಗೆದ್ದದ್ದು ಇದೇ ದಾರಿಯಲ್ಲಿ. ನಂತರದ ದಶಕಗಳಲ್ಲಿ ಕಾಯಂ ಚಾಲಕರೂ ರಸ್ತೆಪಥಗಳಲ್ಲಿ ನುರಿತವರಾದಂತೆ ಅತಿಥಿಗಳಿಗೆ ಗೆಲುವು ದುರ್ಲಭವಾಯಿತು. ರಾನ್ ಫೆಲೋಸ್ ಮತ್ತು ಬೋರಿಸ್ ಸೆಯಿದ್ ಅವರಂತಹ ಸಮರ್ಥರೂ ಅತ್ಯುನ್ನತ ಶ್ರೇಣಿಯಲ್ಲಿ ಎರಡನೆಯ ಅಥವಾ ಮೂರನೆಯ ಸ್ಥಾನದಲ್ಲಿಯೇ ತೃಪ್ತರಾಗಬೇಕಾಯಿತು. 2023ರಲ್ಲಿ ನ್ಯೂಜಿಲೆಂಡಿನ ಶೇನ್ ವ್ಯಾನ್ ಗಿಸ್ಬರ್ಗನ್ ಷಿಕಾಗೋ ನಗರದ ಬೀದಿಪಥದಲ್ಲಿ ತಮ್ಮ ಮೊದಲ ಪಂದ್ಯವನ್ನೇ ಗೆದ್ದಾಗ ಈ ಪರಂಪರೆ ಮತ್ತೆ ಚರ್ಚೆಗೆ ಬಂದಿತು.

ರಿವರ್‌ಸೈಡ್ ರೇಸ್‌ವೇ 1989ರಲ್ಲಿ ಮುಚ್ಚಲ್ಪಟ್ಟಿತು. ಆ ನೆಲದಲ್ಲಿ ಈಗ ಮೊರೆನೊ ವ್ಯಾಲಿ ಪಟ್ಟಣದ ವ್ಯಾಪಾರ ಸಂಕೀರ್ಣವಿದೆ.